ನಗದ ಅಂಗಡಿಯಮ್ಮನ ಪರವಾಗಿ

ಕಳೆದ ವಾರ ನಮ್ಮ ಕಡೆಯ ಭಾರತೀಯರ ಗುಂಪಿನಲ್ಲಿ ಒಬ್ಬರು ಒಂದು ಪೋಲಿಷ್ ಬೇಕರಿಯ ಫೋಟೋ ಹಾಕಿದ್ದರು. "ಇಲ್ಲಿಗೆ ಯಾರೂ ಹೋಗಬೇಡಿ. ಮುಖದಲ್ಲಿ ನಗು ಇಲ್ಲ, ಮಾತಿನಲ್ಲಿ ಮರ್ಯಾದೆ ಇಲ್ಲ. ಬರೀ ಒಂದು ಪ್ರಶ್ನೆ ಕೇಳಿದ್ದಕ್ಕೆ ಬೆರಳು ತೋರಿಸಿ ಹಿಂದೆ ಕಳಿಸಿದರು. ಒಂದು ಸ್ಟಾರ್ ಕೊಟ್ಟು ಬಂದಿದ್ದೇನೆ, ನೀವೂ ಕೊಡಿ" ಅಂತ ಬರೆದಿದ್ದರು. ಕೆಳಗೆ ಹೌದು ಹೌದು ಅನ್ನುವವರ ಸಾಲು.

ಆ ಅಂಗಡಿಗೆ ನಾನು ಒಂಬತ್ತು ವರ್ಷದಿಂದ ಹೋಗುತ್ತಿದ್ದೇನೆ. ಅಲ್ಲೇ ಕೆಳಗೆ ಉತ್ತರ ಬರೆಯೋಣ ಅಂತ ಕೂತೆ, ಉದ್ದವಾಯಿತು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಅಂಗಡಿಯ ಹೆಸರು ಹೇಳುವುದಿಲ್ಲ. ಹೊಗಳಿಕೆಗೂ ಬೇಡ, ಜಗಳಕ್ಕೂ ಬೇಡ. ಗೊತ್ತಿರುವವರಿಗೆ ಗೊತ್ತಾಗುತ್ತದೆ.

ಚಿಕಾಗೋದಲ್ಲಿ ಇರುವವರಿಗೆ ಮಿಲ್ವಾಕಿ ಅವೆನ್ಯೂ ಗೊತ್ತು. ಪೇಟೆಯ ಹತ್ತಿರದಿಂದ ಹೊರಟು ವಾಯುವ್ಯದ ಕಡೆಗೆ ಓರೆಯಾಗಿ ಹೋಗುವ ರಸ್ತೆ. ಪೋಲೆಂಡಿನವರು ಈ ರಸ್ತೆ ಹಿಡಿದುಕೊಂಡೇ ನೂರಕ್ಕೂ ಹೆಚ್ಚು ವರ್ಷ ಬಾಳಿದರು. ಈ ಊರಿನಲ್ಲಿ ಅವರ ಮೊದಲ ಚರ್ಚು ಸೇಂಟ್ ಸ್ಟಾನಿಸ್ಲಾಸ್ ಕೋಸ್ಟ್ಕಾ, ಅದು ಶುರುವಾದದ್ದು 1867ರಲ್ಲಿ. ಆಮೇಲೆ ಏವೊಂಡೇಲ್ ಕಡೆ ಸೇಂಟ್ ಹಯಸಿಂತ್ ಚರ್ಚಿನ ಸುತ್ತ ಇನ್ನೊಂದು ಪೇಟೆ ಬೆಳೆಯಿತು. ಅದಕ್ಕೆ ಅವರು ಯಾಟ್ಸ್ಕೊವೊ ಅನ್ನುತ್ತಾರೆ. ಇಲ್ಲಿನ ಭಾರತೀಯರಾದ ನಮಗೆ ನಮ್ಮ ಅಂಗಡಿಗಳ ಬೀದಿ ಡೆವೊನ್ ಅವೆನ್ಯೂ ಇದ್ದ ಹಾಗೆ ಅವರಿಗೆ ಇದು. ಈಗ ಅಲ್ಲಿ ಬಾಡಿಗೆ ಏರಿ, ಹಳಬರು ಹೊರವಲಯಕ್ಕೆ ಹೋಗಿ, ಎಷ್ಟೋ ಅಂಗಡಿಗಳ ಬೋರ್ಡು ಬದಲಾಗಿದೆ. ಉಳಿದಿರುವ ಕೆಲವು ಮನೆಮಂದಿಯೇ ನಡೆಸುವ ಅಂಗಡಿಗಳು. ನಾನು ಹೇಳುತ್ತಿರುವುದು ಅಂಥದ್ದೇ ಒಂದು. ಎಡಕ್ಕೆ ಬ್ರೆಡ್ಡು ಮತ್ತು ಸಿಹಿ, ಬಲಕ್ಕೆ ಮಾಂಸ, ಚೀಸ್, ಉಪ್ಪಿನಕಾಯಿ. ಅಮ್ಮ ಕೌಂಟರಿನಲ್ಲಿ, ಅಪ್ಪ ಒಳಗೆ ಒಲೆ ಹತ್ತಿರ, ಮಗಳು ಲೆಕ್ಕಕ್ಕೆ. ಅಜ್ಜ ಕಿಟಕಿ ಪಕ್ಕದ ಕುರ್ಚಿಯಲ್ಲಿ.

ಬಾಗಿಲ ಪಕ್ಕ ಒಂದು ಕೆಂಪು ಡಬ್ಬಿ ಇದೆ. ಅದರ ಬಾಯಿಯಿಂದ ನಂಬರ್ ಚೀಟಿ ನಾಲಿಗೆ ಚಾಚಿದ ಹಾಗೆ ಹೊರಗೆ ಬಂದಿರುತ್ತದೆ. ಒಳಗೆ ಹೋದ ಕೂಡಲೇ ಚೀಟಿ ಹರಿದುಕೊಳ್ಳಬೇಕು. ನಾನು ಮೊದಲ ಸಲ ಹೋದಾಗ ನನ್ನದು 83. ಅವರು ಕೂಗಿದ್ದು ಪೋಲಿಷ್‌ನಲ್ಲಿ. ನನಗೆ ತಿಳಿಯಲಿಲ್ಲ. 84, 85 ಎಲ್ಲ ಮುಂದೆ ಹೋದರು. ನಾನು ಚೀಟಿ ಹಿಡಿದುಕೊಂಡು ನಿಂತೇ ಇದ್ದೆ. ಮುಜುಗರ, ಸ್ವಲ್ಪ ಸಿಟ್ಟು ಕೂಡ. ಆಗ ಪಕ್ಕದಲ್ಲಿದ್ದ ಒಬ್ಬ ಅಜ್ಜಿ ನನ್ನ ತೋಳು ಹಿಡಿದು, ಚೀಟಿ ನೋಡಿ, ಅದನ್ನು ನನ್ನ ಕೈಯಿಂದ ತೆಗೆದುಕೊಂಡು ಕೌಂಟರಿನ ಮೇಲೆ ಟಪ್ ಅಂತ ಇಟ್ಟರು. ಅಂಗಡಿಯಮ್ಮ ಕೈಯಲ್ಲಿದ್ದ ಕೆಲಸ ಮುಗಿಸಿ, ಸಾಲಿನಲ್ಲಿದ್ದ ಎಲ್ಲರನ್ನೂ ನಿಲ್ಲಿಸಿ, ಮೊದಲು ನನಗೆ ಕೊಟ್ಟರು. ನಗಲಿಲ್ಲ. ಸಾರಿ ಅನ್ನಲಿಲ್ಲ. ಆದರೆ ಆವತ್ತಿನಿಂದ ನಾನು ಹೋದಾಗಲೆಲ್ಲ ನಂಬರನ್ನು ಎರಡು ಸಲ ಕೂಗುತ್ತಾರೆ, ಎರಡನೇ ಸಲ ಇಂಗ್ಲಿಷ್‌ನಲ್ಲಿ, ನನ್ನ ಕಡೆ ನೋಡಿಕೊಂಡು.

ಆ ಸಾಲಿನ ಬಗ್ಗೆ ಅವರಿಗೆ ಯಾಕೆ ಅಷ್ಟು ಕಟ್ಟುನಿಟ್ಟು ಅನ್ನುವುದು ನನಗೆ ಎಷ್ಟೋ ವರ್ಷದ ಮೇಲೆ ಗೊತ್ತಾಯಿತು. ಒಂದು ದಿನ ಹೊರಗೆ ಹಿಮ ಜಾಸ್ತಿ ಇತ್ತು, ಅಂಗಡಿಯಲ್ಲಿ ನಾನೊಬ್ಬಳೇ. ಅವರೇ ಮಾತು ತೆಗೆದರು. ಪೋಲೆಂಡಿನಲ್ಲಿ ಸಕ್ಕರೆಗೆ 1976ರಲ್ಲೇ ರೇಷನ್ ಚೀಟಿ ಬಂದಿತ್ತು, ಮಾಂಸಕ್ಕೆ 1981ರಲ್ಲಿ. ಅದೇ ವರ್ಷ ಡಿಸೆಂಬರ್ 13ಕ್ಕೆ ಮಿಲಿಟರಿ ಆಡಳಿತ ಹೇರಿದರು. ಮಾಂಸದ ಚೀಟಿ 1989ರವರೆಗೂ ಇತ್ತು. ಇವರು ಆಗ ಶಾಲೆಗೆ ಹೋಗುವ ಹುಡುಗಿ. ಬೆಳಗಿನ ಜಾವ ನಾಲ್ಕು ಗಂಟೆಗೆ ಎದ್ದು ಅಜ್ಜಿಯ ಜಾಗ ಕಾಯಲು ಸಾಲಿನಲ್ಲಿ ನಿಲ್ಲುತ್ತಿದ್ದರಂತೆ. ಅಜ್ಜಿ ಬಂದ ಮೇಲೆ ಶಾಲೆಗೆ ಓಡುವುದು. ಸಾಲಿನಲ್ಲಿ ನಿಂತವರೇ ಹೆಸರಿನ ಪಟ್ಟಿ ಬರೆದು ಕಾಪಾಡುತ್ತಿದ್ದರು. ಪಟ್ಟಿ ಬಿಟ್ಟು ಒಬ್ಬರು ನುಗ್ಗಿದರೆ ಕೊನೆಯವರ ಮನೆಗೆ ಆ ವಾರ ಮಾಂಸವಿಲ್ಲ. "ನಮ್ಮ ಸಾಲಿನಲ್ಲಿ ಯಾರೂ ದೊಡ್ಡವರಲ್ಲ, ಯಾರೂ ಚಿಕ್ಕವರಲ್ಲ" ಅಂದರು.

ಸೀಮೆಎಣ್ಣೆ ಕ್ಯಾನು ಹಿಡಿದು ಸೊಸೈಟಿ ಮುಂದೆ ನಿಂತ ಬಾಲ್ಯ ನನ್ನದು. ಆ ಮಾತು ನನಗೆ ಬೇಗ ತಾಕಿತು.

ಈಗ ಆ ಒಂದು ಸ್ಟಾರಿನ ಮಾತಿಗೆ ಬರೋಣ. ಪೋಸ್ಟ್ ಹಾಕಿದವರು ಚೀಟಿ ತೆಗೆದುಕೊಳ್ಳದೆ ನೇರ ಕೌಂಟರಿಗೆ ಹೋಗಿ "ಜಸ್ಟ್ ಒಂದು ಪ್ರಶ್ನೆ" ಅಂದಿದ್ದಾರೆ. ಅಂಗಡಿಯಮ್ಮ ಕೆಂಪು ಡಬ್ಬಿ ಕಡೆ ಬೆರಳು ತೋರಿಸಿದ್ದಾರೆ. ಇಷ್ಟೇ ಆಗಿರುವುದು. ಅವರಿಗೆ ಬೇಜಾರಾಗಿದೆ, ಅದು ಸುಳ್ಳಲ್ಲ. ಎಲ್ಲರ ಮುಂದೆ ಹಿಂದೆ ಕಳಿಸಿಕೊಳ್ಳುವುದು ಯಾರಿಗೂ ಹಿತವಲ್ಲ. ಆದರೆ ಅಲ್ಲಿ ಚೀಟಿ ಹಿಡಿದು ನಿಂತಿದ್ದ ಹತ್ತು ಜನರ ಮರ್ಯಾದೆಯನ್ನು ಅಂಗಡಿಯಮ್ಮ ಕಾಪಾಡಿದರು ಅಲ್ವಾ? ಅದಕ್ಕೆ ಯಾರೂ ಸ್ಟಾರ್ ಕೊಡುವುದಿಲ್ಲ.

ನಾನು ಅಂಗಡಿ ಮನೆಯ ಮಗಳು. ಅರಸೀಕೆರೆಯಲ್ಲಿ ಅಪ್ಪನದು ದಿನಸಿ ಅಂಗಡಿ ಇತ್ತು. ಅಪ್ಪ ಗಿರಾಕಿಗಳ ಮುಂದೆ ನಕ್ಕದ್ದು ನಾನು ನೋಡಿಲ್ಲ. ಆದರೆ ತೂಕ ಮಾಡುವ ಮುಂಚೆ ಖಾಲಿ ತಕ್ಕಡಿ ಎತ್ತಿ, ಎರಡೂ ತಟ್ಟೆ ಉಫ್ ಅಂತ ಊದಿ, ಮುಳ್ಳು ಮಧ್ಯಕ್ಕೆ ನಿಲ್ಲುವವರೆಗೆ ಎದುರಿಗಿದ್ದವರಿಗೆ ತೋರಿಸುತ್ತಿದ್ದರು. ಸಣ್ಣ ಮಕ್ಕಳು ಚೀಟಿ ಹಿಡಿದು ಬಂದರೂ ಹಾಗೇ. ಮೂರು ಹಳ್ಳಿಯ ಜನ ಗಾಡಿ ಕಟ್ಟಿಕೊಂಡು ಅದೇ ಅಂಗಡಿಗೆ ಬರುತ್ತಿದ್ದರು. ಇವತ್ತು ಕಸ್ಟಮರ್ ಎಕ್ಸ್‌ಪೀರಿಯನ್ಸ್ ಅಂತ ಆಫೀಸುಗಳಲ್ಲಿ ದೊಡ್ಡ ಮಾತಾಡುತ್ತೇವೆ, ನನ್ನ ಕೆಲಸವೂ ಅದರ ಸುತ್ತಲೇ ಇದೆ. ಅಂಗಡಿಯವರು ನನಗೆ ಕೊಡಬೇಕಾದದ್ದು ಮೂರು: ಸರಿಯಾದ ತೂಕ, ತಾಜಾ ಮಾಲು, ಅದರಲ್ಲಿ ಏನಿದೆ ಅನ್ನುವ ನಿಜ. ನಗು ಬಂದರೆ ಸಂತೋಷ. ಅದನ್ನು ಬಿಲ್ಲಿನಲ್ಲಿ ಸೇರಿಸಿ ಕೇಳುವ ಹಕ್ಕು ನನಗಿಲ್ಲ.

ಆ ಮೂರನೆಯದರ ಬಗ್ಗೆ ಒಂದು ಘಟನೆ ಹೇಳಲೇಬೇಕು.

ಪೊಂಚ್ಕಿ ಅಂತ ಒಂದು ಸಿಹಿ ಇದೆ. ನೋಡಲು ದುಂಡನೆ ಡೋನಟ್, ನಡುವೆ ತೂತಿಲ್ಲ. ಹಿಟ್ಟಿಗೆ ಮೊಟ್ಟೆಯ ಹಳದಿ, ಬೆಣ್ಣೆ. ಕರಿಯುವಾಗ ಎಣ್ಣೆ ಒಳಗೆ ಎಳೆಯಬಾರದು ಅಂತ ಹಿಟ್ಟಿಗೆ ಒಂದಿಷ್ಟು ಸ್ಪಿರಿಟ್ ಹಾಕುವ ರೂಢಿ. ಒಳಗೆ ಗುಲಾಬಿಯ ಜಾಮ್, ನಮ್ಮ ಗುಲ್ಕನ್‌ನ ಅಕ್ಕ ಅನ್ನಬಹುದು. ಚೆನ್ನಾಗಿ ಉಬ್ಬಿದ ಪೊಂಚ್ಕಿಗೆ ಸೊಂಟದ ಸುತ್ತ ಬಿಳಿಯ ಪಟ್ಟಿ ಇರಬೇಕು. ಈಸ್ಟರಿಗೆ ಮುಂಚಿನ ನಲವತ್ತು ದಿನದ ಉಪವಾಸ ಶುರುವಾಗುವ ಮೊದಲು ಮನೆಯಲ್ಲಿರುವ ಜಿಡ್ಡು, ಸಕ್ಕರೆ, ಮೊಟ್ಟೆ ಎಲ್ಲ ಮುಗಿಸಲು ಮಾಡುತ್ತಿದ್ದ ತಿಂಡಿ ಇದು. ಪೋಲೆಂಡಿನಲ್ಲಿ ಉಪವಾಸಕ್ಕೆ ಮುಂಚಿನ ಗುರುವಾರ ತಿನ್ನುತ್ತಾರೆ. ಅಮೆರಿಕದಲ್ಲಿ ಮಂಗಳವಾರ. ಚಿಕಾಗೋದಲ್ಲಿ ಎರಡೂ ದಿನ ಸಾಲು ರಸ್ತೆಗೆ ಬರುತ್ತದೆ.

ನಾನು ಮೊಟ್ಟೆ ತಿನ್ನುತ್ತೇನೆ, ಮಾಂಸ ತಿನ್ನಲ್ಲ. ಮೊದಲ ವರ್ಷ ಒಂದು ಡಜನ್ ಕೇಳಿದೆ. ಹಿಂದೆ ದೊಡ್ಡ ಸಾಲು. ಅವರು ಡಬ್ಬಿ ಮಡಚಿ ತುಂಬಲು ಶುರು ಮಾಡಿದವರು ನಿಂತರು. ಅದಕ್ಕೂ ಹಿಂದಿನ ವಾರ ನಾನು ಒಂದು ಸೂಪಿನಲ್ಲಿ ಮಾಂಸ ಇದೆಯಾ ಅಂತ ಕೇಳಿದ್ದು ಅವರಿಗೆ ನೆನಪಿತ್ತು. "ಪಾನಿ, ನೀವು ಮಾಂಸ ತಿನ್ನಲ್ಲ ಅಲ್ವಾ? ಇದು ಸ್ಮಾಲೆತ್ಸ್‌ನಲ್ಲಿ ಕರಿದದ್ದು. ಹಂದಿ ಕೊಬ್ಬು" ಅಂದರು. ಒಂದೊಂದನ್ನೇ ಮತ್ತೆ ತಟ್ಟೆಗೆ ಇಟ್ಟರು. ಒಳಗಿನಿಂದ ಬೆಣ್ಣೆ ಹಾಕಿ ಬೇಯಿಸಿದ ಬನ್ನು ತಂದು, "ಇದು ಆಗುತ್ತೆ" ಅಂತ ಕೊಟ್ಟರು.

ಆ ದಿನ ಅವರು ಸುಮ್ನೆ ಇದ್ದಿದ್ದರೆ ಒಂದು ಡಜನ್ ಹೋಗುತ್ತಿತ್ತು, ನನಗೆ ಗೊತ್ತೂ ಆಗುತ್ತಿರಲಿಲ್ಲ. ನಗುನಗುತ್ತಾ "ವೆಜ್ ಮೇಡಮ್, ಪ್ಯೂರ್ ವೆಜ್" ಅಂತ ಹೇಳಿ ಇನ್ನೇನೋ ಕೊಟ್ಟವರನ್ನು ನಾನು ನೋಡಿದ್ದೇನೆ. ಈ ಅಮ್ಮ ನಗದೆ ನಿಜ ಹೇಳಿದರು. ನನಗೆ ಯಾವುದು ಬೇಕು ಅನ್ನುವುದು ಆವತ್ತೇ ತೀರ್ಮಾನವಾಯಿತು.

ಆ "ಪಾನಿ" ಅನ್ನುವ ಮಾತನ್ನೂ ಗಮನಿಸಿ. ಅದು ಹಿಂದಿಯ ನೀರಲ್ಲ, ಪೋಲಿಷ್‌ನಲ್ಲಿ ಹೆಂಗಸರನ್ನು ಗೌರವದಿಂದ ಕರೆಯುವ ರೀತಿ. ಗಂಡಸಿಗೆ ಪಾನ್. ಗುರುತಿಲ್ಲದ ದೊಡ್ಡವರನ್ನು ಅವರು ನೀನು ಅನ್ನುವುದೇ ಇಲ್ಲ. ನಮಗೆ ನೀನು, ನೀವು ಇದ್ದ ಹಾಗೆ. ಎರಡೂ ಕಡೆ "ಯೂ" ಅನ್ನುವ ಇಂಗ್ಲಿಷ್‌ಗೆ ಬಂದಾಗ ಆ ಮರ್ಯಾದೆ ಎಲ್ಲ ಉದುರಿ ಹೋಗಿ ಬರೀ ಒರಟು ವಾಕ್ಯ ಉಳಿಯುತ್ತದೆ. "ವಾಟ್ ಯೂ ವಾಂಟ್" ಅಂತ ಅವರು ಕೇಳಿದಾಗ ಅವರ ತಲೆಯಲ್ಲಿ ಇರುವುದು "ತಮಗೆ ಏನು ಕೊಡಲಿ" ಅನ್ನುವ ಮಾತು. ಇಂಗ್ಲಿಷ್ ಕಲಿಯುವಾಗ ನಮ್ಮ ತಾಯಂದಿರಿಗೂ ಇದೇ ಆಗಿದೆ. ನಾವಾದರೂ ಅರ್ಥ ಮಾಡಿಕೊಳ್ಳಬೇಕು.

ಮೂರು ವರ್ಷದ ಹಿಂದೆ ನನ್ನ ಅಮ್ಮ ಆರು ತಿಂಗಳು ಬಂದು ಇದ್ದಳು. ಡಿಸೆಂಬರ್. ಮನೆಯಲ್ಲಿ ಕೂತು ಬೇಸತ್ತಿದ್ದಳು. ಅಂಗಡಿಗೆ ಕರೆದುಕೊಂಡು ಹೋದೆ. ಅವಳು ಗಾಜಿನ ಒಳಗೆ ಬಗ್ಗಿ ನೋಡುತ್ತಾ, "ಇದೇನೇ ಇದು, ಸುರುಳಿ ಒಳಗೆ ಕಪ್ಪಗೆ? ಗಸಗಸೆ ಥರ ಇದೆಯಲ್ಲೇ" ಅಂದಳು. ಗಸಗಸೆಯೇ. ಮಕೋವ್ಯೆತ್ಸ್ ಅಂತ ಕ್ರಿಸ್‌ಮಸ್ ಸಮಯದ ಸಿಹಿ. ನಮ್ಮದು ಬಿಳಿ ಗಸಗಸೆ, ಅವರದು ನೀಲಿಗಪ್ಪು. ಅದನ್ನು ಬಿಸಿ ನೀರಿನಲ್ಲಿ ನೆನೆಸಿ, ಬಸಿದು, ಎರಡು ಮೂರು ಸಲ ಅರೆದು, ಜೇನು, ದ್ರಾಕ್ಷಿ, ಬೀಜ, ಕಿತ್ತಳೆ ಸಿಪ್ಪೆ ಸೇರಿಸಿ, ಹಿಟ್ಟಿನ ಹಾಳೆಯ ಮೇಲೆ ಹರಡಿ ಚಾಪೆ ಸುತ್ತಿದ ಹಾಗೆ ಸುತ್ತುತ್ತಾರೆ. ಕೊಯ್ದರೆ ಮರದ ಕಾಂಡದ ಬಳೆಗಳ ಹಾಗೆ ಕಾಣುತ್ತದೆ.

ಅಮ್ಮನಿಗೆ ಇಂಗ್ಲಿಷ್ ಬರಲ್ಲ. ಅವಳು ಗಾಜಿನ ಮೇಲೆ ಬೆರಳಿಟ್ಟು ಇನ್ನೊಂದು ಕೈಯಲ್ಲಿ ರುಬ್ಬುವ ಕಲ್ಲು ತಿರುಗಿಸಿದ ಹಾಗೆ ಮಾಡಿದಳು. ಅಂಗಡಿಯಮ್ಮ ಒಂದು ಗಳಿಗೆ ನೋಡಿದರು. ಆಮೇಲೆ ಕೈ ಎತ್ತಿ ಮೂರು ಬೆರಳು ತೋರಿಸಿದರು. ಮೂರು ಸಲ ಅರೆಯಬೇಕು ಅಂತ. ಅಮ್ಮ ತಲೆ ಆಡಿಸಿದಳು, ಹೌದು, ಸರಿ ಅಂತ. ಇಬ್ಬರೂ ನಗಲಿಲ್ಲ. ಅಡುಗೆ ಗೊತ್ತಿರುವ ಇಬ್ಬರು ಹೆಂಗಸರು ಲೆಕ್ಕ ಒಪ್ಪಿಸಿದ ಹಾಗಿತ್ತು. ಮುಂದಿನ ವಾರ ಅಮ್ಮ ಸ್ಟೀಲ್ ಡಬ್ಬಿಯಲ್ಲಿ ಗಸಗಸೆ ಪಾಯಸ ತೆಗೆದುಕೊಂಡು ಹೋಗಿ ಕೊಟ್ಟಳು. ಡಬ್ಬಿ ವಾಪಸ್ ಬಂದಾಗ ಒಳಗೆ ಆರು ತುಂಡು ಮಕೋವ್ಯೆತ್ಸ್ ಇತ್ತು, ಮೇಲೆ ಬೆಣ್ಣೆ ಕಾಗದ. ಕೊಟ್ಟ ಪಾತ್ರೆ ಖಾಲಿ ವಾಪಸ್ ಕೊಡಬಾರದು ಅನ್ನುವುದನ್ನು ಅವರಿಗೆ ನಾವು ಹೇಳಿಕೊಟ್ಟಿರಲಿಲ್ಲ. ಅಮ್ಮ ಈಗಲೂ ಫೋನಿನಲ್ಲಿ "ಆ ಗಸಗಸೆ ಅಮ್ಮ ಹೇಗಿದ್ದಾರೆ" ಅಂತ ಕೇಳುತ್ತಾಳೆ.

ಎಲ್ಲವೂ ಚೆನ್ನಾಗಿತ್ತು ಅಂತ ಹೇಳಿದರೆ ತಪ್ಪಾಗುತ್ತದೆ. ಎರಡು ವರ್ಷದ ಹಿಂದೆ ಕನ್ನಡ ಗೆಳೆಯರೆಲ್ಲ ಸೇರುವ ಊಟಕ್ಕೆ ಐದು ಡಜನ್ ಪಿರೋಗಿ ಹೇಳಿದ್ದೆ, ಎಲೆಕೋಸು ಮತ್ತು ಅಣಬೆಯದು. ಪಿರೋಗಿ ಅಂದರೆ ನಮ್ಮ ಕಡುಬಿನ ಹಾಗೆ, ಅರ್ಧ ಚಂದ್ರದ ಆಕಾರ, ನೀರಿನಲ್ಲಿ ಬೇಯಿಸುವುದು. ಹೋದರೆ ಆರ್ಡರ್ ಮಾಡೇ ಇಲ್ಲ. ಮರೆತಿದ್ದರು. ಊಟಕ್ಕೆ ಮೂರು ಗಂಟೆ ಉಳಿದಿತ್ತು. ನನಗೆ ಅಳು ಬರುವ ಹಾಗಾಯಿತು. ಮಗಳು ಪುಸ್ತಕ ತೆಗೆದು ಹುಡುಕಿದಳು. ಪುಟದಲ್ಲಿ ನನ್ನ ಹೆಸರಿತ್ತು, ಪಕ್ಕದಲ್ಲಿ ಗುರುತು ಹಾಕಿರಲಿಲ್ಲ. ಅಂಗಡಿಯಮ್ಮ ಬಂದು ಪುಟ ನೋಡಿ, ಇಂಗ್ಲಿಷ್‌ನಲ್ಲಿ "ಮೈ ಮಿಸ್ಟೇಕ್" ಅಂದರು. ಅಷ್ಟೇ. ನೆಪ ಹೇಳಲಿಲ್ಲ, ಮಗಳ ಮೇಲೆ ಹಾಕಲಿಲ್ಲ. ಮಹಡಿಯ ಮೇಲಿನ ತಮ್ಮ ಮನೆಯ ಫ್ರೀಜರಿನಿಂದ ಮೂರು ಡಜನ್ ತಂದು ಕೊಟ್ಟರು, ಆಲೂಗಡ್ಡೆ ಮತ್ತು ತ್ವಾರುಗ್ ಅನ್ನುವ ಹುಳಿ ಚೀಸಿನದು. ದುಡ್ಡು ಮುಟ್ಟಲಿಲ್ಲ. ಊಟಕ್ಕೆ ಸಾಲಲಿಲ್ಲ, ಆದರೂ ನನ್ನ ಸಿಟ್ಟು ಇಳಿಯಿತು.

ಇನ್ನು ಆ ಅಂಗಡಿಯವರು ಸರಿ ಮಾಡಿಕೊಳ್ಳಬೇಕಾದದ್ದು ಇದೆ, ಅದನ್ನು ಅವರ ಮಗಳಿಗೂ ಹೇಳಿದ್ದೇನೆ. ತಿಂಡಿಗಳ ಹೆಸರು ಬರೆದ ಚೀಟಿಗಳ ಮೇಲೆ ಬರೀ ಪೋಲಿಷ್ ಇದ್ದರೆ ಹೊಸಬರು ಕೇಳಲು ಹೆದರುತ್ತಾರೆ. ಹಂದಿ ಕೊಬ್ಬು ಯಾವುದರಲ್ಲಿದೆ ಅನ್ನುವುದನ್ನು ಬಾಯಿಂದ ಹೇಳಿದರೆ ಸಾಲದು, ಬರೆದು ಹಾಕಬೇಕು. ಮುಸ್ಲಿಮರು, ಯಹೂದಿಗಳು, ನಮ್ಮಂಥವರು ಎಲ್ಲರಿಗೂ ಅದು ಬೇಕು. ನಂಬರನ್ನು ಎಲ್ಲರಿಗೂ ಎರಡು ಭಾಷೆಯಲ್ಲಿ ಕೂಗಬೇಕು, ಗುರುತಿನವರಿಗೆ ಮಾತ್ರ ಅಲ್ಲ. ಇದನ್ನೆಲ್ಲ ಆ ಪೋಸ್ಟಿನಲ್ಲಿ ಬರೆದಿದ್ದರೆ ನಾನೇ ಮೊದಲು ಹೌದು ಅನ್ನುತ್ತಿದ್ದೆ.

ಮಾಂಸ ತಿನ್ನದವರಿಗೆ ಅಲ್ಲಿ ಏನಿದೆ ಅಂತ ಕೆಲವರು ಕೇಳಿದ್ದರು. ತುಂಬಾ ಇದೆ. ಮೊದಲು ಬ್ರೆಡ್ಡು. ರೈ ಅನ್ನುವ ಧಾನ್ಯ ಚಳಿಗೂ ಮರಳು ಮಣ್ಣಿಗೂ ಜಗ್ಗದೆ ಬೆಳೆಯುತ್ತದೆ, ನಮ್ಮ ಬಯಲುಸೀಮೆಗೆ ರಾಗಿ ಇದ್ದ ಹಾಗೆ ಅವರಿಗೆ ಅದು. ಹಳೆ ಹುಳಿ ಹಿಟ್ಟು ಉಳಿಸಿಕೊಂಡು ಹೊಸದಕ್ಕೆ ಬೆರೆಸುತ್ತಾರೆ. ಅದೇ ಹಿಟ್ಟಿನ ಹುಳಿ ನೀರು ಬಾಟಲಿಯಲ್ಲಿ ಸಿಗುತ್ತದೆ, ಝೂರೆಕ್ ಸಾರು ಮಾಡಲು. ಅವರು ಅದಕ್ಕೆ ಸಾಸೇಜ್ ಹಾಕುತ್ತಾರೆ. ನಾನು ಆಲೂಗಡ್ಡೆ, ಬೆಳ್ಳುಳ್ಳಿ, ಒಣಗಿದ ಮಾರ್ಜೊರಮ್ ಸೊಪ್ಪು ಹಾಕುತ್ತೇನೆ. ಅಂಬಲಿ ಕುಡಿದು ಬೆಳೆದ ಬಾಯಿಗೆ ಅದು ಹೊಸದಲ್ಲ. ಪೀಪಾಯಿಯ ಸೌತೆಕಾಯಿ ವಿನೆಗರಿನದಲ್ಲ, ಉಪ್ಪುನೀರಿನಲ್ಲಿ ಹುಳಿ ಬಂದದ್ದು, ಸಬ್ಬಸಿಗೆ ಮತ್ತು ಬೆಳ್ಳುಳ್ಳಿ ಹಾಕಿ. ಮಿಡಿ ಮಾವಿನಕಾಯಿಯನ್ನು ಉಪ್ಪಿನಲ್ಲಿ ಇಡುವವರಿಗೆ ಅದರ ವಾಸನೆಯೇ ಸಾಕು. ಕ್ರಿಸ್‌ಮಸ್ ಹಿಂದಿನ ರಾತ್ರಿ, ವಿಗಿಲಿಯಾ ಅನ್ನುತ್ತಾರೆ, ಅವರು ಮಾಂಸ ಮುಟ್ಟುವುದಿಲ್ಲ, ಮೀನು ಮಾತ್ರ. ಆಕಾಶದಲ್ಲಿ ಮೊದಲ ನಕ್ಷತ್ರ ಕಂಡ ಮೇಲೆ ಊಟಕ್ಕೆ ಕೂರುತ್ತಾರೆ. ರೂಢಿಯಂತೆ ಹನ್ನೆರಡು ಬಗೆ. ಯಾರಾದರೂ ಬಂದರೆ ಇರಲಿ ಅಂತ ಒಂದು ತಟ್ಟೆ ಜಾಸ್ತಿ ಇಡುತ್ತಾರೆ. ಆ ವಾರ ಅಂಗಡಿಯ ಅರ್ಧಕ್ಕರ್ಧ ನನಗೆ ತಿನ್ನಲು ಬರುವಂಥದ್ದೇ.

ಅಜ್ಜನ ಮಾತು ಬಿಟ್ಟರೆ ಈ ಬರಹ ಪೂರ್ತಿಯಾಗುವುದಿಲ್ಲ. ಒಂದು ದಿನ ಬ್ರೆಡ್ಡು ಕೊಯ್ಯುವಾಗ ಒಂದು ಹೋಳು ನೆಲಕ್ಕೆ ಬಿತ್ತು. ಅಜ್ಜ ಕಷ್ಟಪಟ್ಟು ಬಗ್ಗಿ ಎತ್ತಿಕೊಂಡು, ತುಟಿಗೆ ಮುಟ್ಟಿಸಿ, ಪಕ್ಕಕ್ಕೆ ಇಟ್ಟರು. ಅನ್ನ ಕಾಲಿಗೆ ತಾಗಿದರೆ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದ ನನ್ನ ಅಜ್ಜಿ ನೆನಪಾದರು. ನಾನು ನೋಡುತ್ತಿದ್ದದ್ದು ಕಂಡು, ಎಲ್ಲಿಯವಳು ಅಂತ ಕೇಳಿದರು. ಇಂಡಿಯಾ ಅಂದೆ. "ಕೋಲ್ಹಾಪುರ್" ಅಂದರು. ನಾನು ಬೆಚ್ಚಿದೆ. ಅವರ ಸೋದರತ್ತೆ ಹುಡುಗಿಯಾಗಿದ್ದಾಗ ಅಲ್ಲಿದ್ದರಂತೆ. ಎರಡನೇ ಮಹಾಯುದ್ಧದಲ್ಲಿ ಸೋವಿಯತ್ ಸರ್ಕಾರ ಸೈಬೀರಿಯಾ ಕಡೆಗೆ ಸಾಗಿಸಿದ್ದ ಪೋಲಿಷ್ ಕುಟುಂಬಗಳಲ್ಲಿ ಕೆಲವು ಇರಾನ್ ದಾಟಿ ಭಾರತಕ್ಕೆ ಬಂದಿದ್ದವು. ಜಾಮ್‌ನಗರದ ಮಹಾರಾಜ ದಿಗ್ವಿಜಯ್‌ಸಿಂಹ್‌ಜಿ 1942ರಲ್ಲಿ ಬಾಲಾಚಡಿಯಲ್ಲಿ ಮಕ್ಕಳಿಗೆ ನೆಲೆ ಕೊಟ್ಟರು. ಕೋಲ್ಹಾಪುರದ ಹತ್ತಿರ ವಳಿವಡೆಯಲ್ಲಿ ಸುಮಾರು 5000 ಜನರ ಶಿಬಿರ ಇತ್ತು, ಹೆಚ್ಚಿನವರು ಹೆಂಗಸರು, ಮಕ್ಕಳು. ನಮ್ಮ ಬೆಳಗಾವಿಯಿಂದ ಎರಡು ಗಂಟೆಯ ದಾರಿ. ವಾರ್ಸಾದಲ್ಲಿ ಇವತ್ತು ಒಳ್ಳೆಯ ಮಹಾರಾಜನ ಹೆಸರಿನಲ್ಲಿ ಒಂದು ಚೌಕ ಇದೆ. ಅಜ್ಜ ಆ ದಿನ ನನಗೆ ಒಂದು ಬ್ರೆಡ್ಡು ಕೊಟ್ಟು ದುಡ್ಡು ಬೇಡ ಅಂದರು. ಸೊಸೆ ನೋಡಿ ಏನೂ ಅನ್ನಲಿಲ್ಲ, ಚೀಲ ಮಾತ್ರ ಕೊಟ್ಟರು.

ಆ ಮನೆಯ ಅಪ್ಪ ರಾತ್ರಿ ಎರಡಕ್ಕೆ ಎದ್ದು ಹಿಟ್ಟು ಕಲಸುತ್ತಾರೆ. ಮಗಳಿಗೆ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿದೆ, ಬರುವ ವರ್ಷದಿಂದ ಶನಿವಾರ ಮಾತ್ರ ಬರುತ್ತಾಳಂತೆ. ಇಂಥ ಅಂಗಡಿಗೆ ಒಂದು ಸ್ಟಾರ್ ಅಂದರೆ ಎಷ್ಟು ಭಾರ ಅಂತ ದಿನಸಿ ಅಂಗಡಿ ಮುಚ್ಚಿದ ದಿನ ಅಪ್ಪನ ಮುಖ ನೋಡಿದ ನನಗೆ ಗೊತ್ತು. ದಯವಿಟ್ಟು ಅದನ್ನು ತೆಗೆಯಿರಿ. ಇಲ್ಲವೇ ಇನ್ನೊಂದು ಸಲ ಹೋಗಿ ಬಂದು ಆಮೇಲೆ ಬರೆಯಿರಿ.

ಇದನ್ನು ಆ ಪೋಸ್ಟ್ ಹಾಕಿದವರಿಗೆ ಮೊದಲು ಮೆಸೇಜ್ ಮಾಡಿದ್ದೆ. ಅವರು ಒಳ್ಳೆಯವರು, ಸಿಟ್ಟಾಗಲಿಲ್ಲ. "ಯಾವಾಗ ಹೋದರೆ ಒಳ್ಳೆಯದು" ಅಂತ ಕೇಳಿದರು. ಹೇಳಿದೆ. ಭಾನುವಾರ ಚರ್ಚ್ ಬಿಟ್ಟ ಮೇಲೆ ಬೇಡ, ಕಾಲಿಡಲು ಜಾಗ ಇರಲ್ಲ. ಬುಧವಾರ ಬೆಳಿಗ್ಗೆ ಎಂಟರ ಹೊತ್ತಿಗೆ ಹೋಗಿ, ರೈ ಬ್ರೆಡ್ಡು ಇನ್ನೂ ಬಿಸಿ ಇರುತ್ತದೆ. ಬಿಸಿ ಇರುವಾಗ ಕೊಯ್ದು ಕೊಡಿ ಅಂತ ಕೇಳಬೇಡಿ, ಕೊಡಲ್ಲ, ಮುದ್ದೆಯಾಗುತ್ತದೆ. ಒಳಗೆ ಹೋಗುವಾಗ "ಜೆನ್ ದೋಬ್ರಿ" ಅನ್ನಿ, ನಮಸ್ಕಾರ ಅಂತ. ಮತ್ತೆ ಮೊದಲು ಆ ಕೆಂಪು ಡಬ್ಬಿಯಿಂದ ಚೀಟಿ ತೆಗೆದುಕೊಳ್ಳಿ.